ಹರಾಜಿನ ದಿನದ ಸಂಜೆ

ಹುಣಸೂರು ದಾಟಿ ಮಡಿಕೇರಿ ರಸ್ತೆಯಲ್ಲಿ ಪಿರಿಯಾಪಟ್ಟಣದ ಕಡೆ ಹೊರಟರೆ ನಡುವೆ ಕಂಪಲಾಪುರ ಸಿಗುತ್ತದೆ. ಕೊಡಗಿಗೆ ಹೋಗುವ ಪ್ರವಾಸಿಗೆ ಅದು ಬಸ್ಸಿನ ಕಿಟಕಿಯಾಚೆ ಸರಿದುಹೋಗುವ ಇನ್ನೊಂದು ಊರು. ಸುತ್ತಲಿನ ರೈತನಿಗೆ ಹಾಗಲ್ಲ. ಅಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆ ಇದೆ. ಬೇಸಿಗೆಯಲ್ಲಿ ಸಸಿಮಡಿ ಮಾಡಿ, ಮುಂಗಾರಿಗೆ ನಾಟಿ ಹಾಕಿ, ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಶಾಖದ ಮನೆಯಲ್ಲಿ ಹದ ಮಾಡಿ, ದರ್ಜೆ ವಿಂಗಡಿಸಿ ಬೇಲು ಕಟ್ಟಿ ತಂದ ಇಷ್ಟೂ ತಿಂಗಳ ದುಡಿಮೆಗೆ ಅಲ್ಲಿ ಕೆಲವೇ ಕ್ಷಣದಲ್ಲಿ ಒಂದು ಅಂಕಿ ಬೀಳುತ್ತದೆ. ಕೆಲವು ಬೇಲುಗಳಿಗೆ ಅದೂ ಬೀಳುವುದಿಲ್ಲ. ‘ನೋ ಬಿಡ್’ ಆಗಿ ಉಳಿಯುತ್ತವೆ.

ಆ ದಿನದ ಸಂಜೆ ಹತ್ತಿರದ ಹಳ್ಳಿಯ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಒಂಬತ್ತನೇ ಕ್ಲಾಸಿನ ಹುಡುಗ ಜಗುಲಿಯ ಮೇಲೆ ಲೆಕ್ಕದ ಪುಸ್ತಕ ಬಿಚ್ಚಿ ಕೂತಿದ್ದಾನೆ. ಬೈಕು ಬಂದು ನಿಂತ ಸದ್ದಾಗುತ್ತದೆ. ಒಳಗಿನಿಂದ ಅವ್ವ ‘ಎಷ್ಟುಕ್ಕೋಯ್ತು?’ ಎಂದು ಕೇಳುವ ಮುಂಚೆಯೇ ಹುಡುಗನಿಗೆ ಉತ್ತರ ಗೊತ್ತಾಗಿದೆ. ಸ್ಟ್ಯಾಂಡು ಹಾಕಿದ ರಭಸ, ಚಪ್ಪಲಿ ಬಿಟ್ಟ ಸದ್ದು, ಅಪ್ಪ ಕೈಕಾಲು ತೊಳೆಯದೆ ಒಳಗೆ ಹೋದದ್ದು, ಇಷ್ಟು ಸಾಕು. ಅವನ ಹೊಟ್ಟೆ ಹಿಂಡಿದಂತಾಗುತ್ತದೆ, ಅಂಗೈ ತಣ್ಣಗಾಗುತ್ತದೆ, ಓದುತ್ತಿದ್ದ ಸಾಲು ಕಣ್ಣೆದುರೇ ಇದ್ದರೂ ತಲೆಗೆ ಹತ್ತುವುದಿಲ್ಲ. ಮಾರನೆಯ ದಿನ ಸ್ಕೂಲಿನಲ್ಲಿ ಮೇಷ್ಟ್ರು, ‘ಯಾಕ್ಲಾ, ಮಂಕು ಬಡ್ದಂಗೆ ಕೂತಿದ್ದೀಯ?’ ಎನ್ನುತ್ತಾರೆ. ‘ಹೊಟ್ಟೆನೋವು ಸಾ’ ಎನ್ನುತ್ತಾನೆ.

ಅವನು ಸುಳ್ಳು ಹೇಳುತ್ತಿಲ್ಲ. ಯಾವುದೋ ದೇಶದ ಸಿಗರೇಟು ಕಂಪನಿಯ ಬೇಡಿಕೆ ಏರಿಳಿದು, ಅದರಿಂದ ಕಂಪಲಾಪುರದಲ್ಲಿ ಕಿಲೋಗೆ ಬಿದ್ದ ದರ, ಹದಿನಾಲ್ಕು ವರ್ಷದ ಹುಡುಗನ ಹೊಟ್ಟೆಯಲ್ಲಿ ನೋವಾಗಿ ಕೂತಿದೆ. ಮಾರುಕಟ್ಟೆಯಿಂದ ಆ ಹೊಟ್ಟೆಯವರೆಗಿನ ದಾರಿ ಇವತ್ತಿನ ವಿಜ್ಞಾನಕ್ಕೆ ಸಾಕಷ್ಟು ಸ್ಪಷ್ಟವಾಗಿ ಗೊತ್ತು. ಅದನ್ನು ಎಲ್ಲಿ ಅಡ್ಡಗಟ್ಟಬಹುದು ಎಂಬುದೂ ಗೊತ್ತು. ಈ ಅಧ್ಯಾಯದಲ್ಲಿ ಆ ದಾರಿಯಲ್ಲಿ ನಡೆಯೋಣ.

ದಾರಿಯ ಕೊನೆಯಿಂದ, ಅಂದರೆ ಹುಡುಗನ ಮೈಯಿಂದ ಶುರು ಮಾಡುತ್ತೇನೆ. ಮಿದುಳಿನ ಆಳದಲ್ಲಿ ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಬೀಜದಷ್ಟು ದೊಡ್ಡ ಗಂಟುಗಳಿವೆ. ಹೆಸರು ಅಮಿಗ್ಡಲಾ. ಅಪಾಯದ ಸುಳಿವನ್ನು ಹಿಡಿಯುವುದು ಅದರ ಕೆಲಸ. ಸುಳಿವು ಸಿಕ್ಕ ಕೂಡಲೇ ನರಗಳ ಮೂಲಕ ಸುದ್ದಿ ಹೋಗಿ ಅಡ್ರಿನಲಿನ್ ಹರಿಯುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಹೊಟ್ಟೆ ಕರುಳಿಗೆ ಹೋಗುತ್ತಿದ್ದ ರಕ್ತ ಕೈಕಾಲಿನ ಸ್ನಾಯುಗಳ ಕಡೆ ತಿರುಗುತ್ತದೆ. ಹೊಟ್ಟೆ ಹಿಂಡುವುದು ಇದರಿಂದಲೇ. ಎರಡನೆಯ ಅಲೆ ನಿಧಾನವಾಗಿ ಬರುತ್ತದೆ. ಹೈಪೊಥಲಾಮಸ್ ಪಿಟ್ಯುಟರಿಗೆ ಹೇಳುತ್ತದೆ, ಪಿಟ್ಯುಟರಿ ರಕ್ತದ ಮೂಲಕ ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕೂತಿರುವ ಅಡ್ರಿನಲ್ ಗ್ರಂಥಿಗಳಿಗೆ ಹೇಳುತ್ತದೆ, ಅವು ಕಾರ್ಟಿಸಾಲ್ ಸುರಿಸುತ್ತವೆ. ಒತ್ತಡ ಶುರುವಾದ ಇಪ್ಪತ್ತು, ಮೂವತ್ತು ನಿಮಿಷಕ್ಕೆ ಅದು ತುತ್ತತುದಿ ಮುಟ್ಟುತ್ತದೆ. ಅಪ್ಪ ಬಂದು ಅರ್ಧ ಗಂಟೆಯಾಗಿ, ಮನೆ ಮೇಲ್ನೋಟಕ್ಕೆ ಶಾಂತವಾದ ಹೊತ್ತಿನಲ್ಲಿ ಹುಡುಗನ ರಕ್ತದಲ್ಲಿ ಬಿರುಗಾಳಿ ಜೋರಾಗಿರುತ್ತದೆ.

ಇದರಲ್ಲಿ ರೋಗ ಏನೂ ಇಲ್ಲ. ಚಿರತೆ ಎದುರಾದಾಗ ಓಡಲು ಬೇಕಾದ ಏರ್ಪಾಟು ಇದು. ಅಪಾಯ ಹೋದಮೇಲೆ ಕಾರ್ಟಿಸಾಲೇ ಮಿದುಳಿಗೆ ಮರಳಿ ‘ಸಾಕು’ ಎನ್ನುತ್ತದೆ. ಆ ಮಾತನ್ನು ಕೇಳಿಸಿಕೊಳ್ಳುವ ಜಾಗಗಳಲ್ಲಿ ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್ ಮುಖ್ಯವಾದದ್ದು. ಇಲಿಗಳ ಹಿಪೊಕ್ಯಾಂಪಸ್ಸು ಈ ಒತ್ತಡದ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ಬ್ರೂಸ್ ಮೆಕ್‌ಯೂವನ್ 1968ರಲ್ಲಿ ತೋರಿಸಿದರು. ತೊಂದರೆ ಬರುವುದು ಚಿರತೆ ಹೋಗದೇ ಇದ್ದಾಗ. ವಾರಗಟ್ಟಲೆ, ತಿಂಗಳುಗಟ್ಟಲೆ ‘ಸಾಕು’ ಎಂಬ ಮಾತಿಗೆ ಬೆಲೆ ಇಲ್ಲದೇ ಹೋದರೆ ನೆನಪು, ನಿದ್ದೆ, ಹಸಿವು ಎಲ್ಲವೂ ಏರುಪೇರಾಗುತ್ತವೆ. ಓದಿದ್ದು ತಲೆಗೆ ಹತ್ತುವುದಿಲ್ಲ ಎನ್ನುವ ಮಗುವನ್ನು ಸೋಮಾರಿ ಎನ್ನುವ ಮೊದಲು ಈ ಹಿಪೊಕ್ಯಾಂಪಸ್ಸನ್ನು ನೆನೆಸಿಕೊಳ್ಳಬೇಕು.

ಮಕ್ಕಳ ಒತ್ತಡವನ್ನು, ಅಂದರೆ ಈ ಕಾರ್ಟಿಸಾಲನ್ನು, ಎಂಜಲಿನಲ್ಲಿ ಅಳೆಯುವ ಕೆಲಸ ಯಾವುದೋ ದೂರದ ನಾಡಿನಲ್ಲಷ್ಟೇ ನಡೆದದ್ದಲ್ಲ. ಇದೇ ರಸ್ತೆ ಹಿಡಿದು ಪೂರ್ವಕ್ಕೆ ಬಂದರೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇದೆ, ಜನ ಮಿಷನ್ ಆಸ್ಪತ್ರೆ ಎನ್ನುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಶಿಶುಗಳ ತೂಕ, ಉದ್ದವನ್ನು ದಾದಿಯರು ಬರೆದಿಟ್ಟ ದಾಖಲೆಗಳಿವೆ. ಆ ಹಳೆಯ ಪುಸ್ತಕಗಳೇ ಪ್ರಪಂಚದ ಗಮನ ಸೆಳೆದವು. 1997–98ರಲ್ಲಿ ಅಲ್ಲಿಗೆ ಬಂದ ಗರ್ಭಿಣಿಯರನ್ನು ಸೇರಿಸಿಕೊಂಡು ಹೊಸದೊಂದು ಅಧ್ಯಯನ ಶುರುವಾಯಿತು. ಹುಟ್ಟಿದ ಮಕ್ಕಳನ್ನು ವರ್ಷ ವರ್ಷವೂ ಹಿಂಬಾಲಿಸಿತು. ಮೈಸೂರಿನ ಜಿ. ವಿ. ಕೃಷ್ಣವೇಣಿ, ಬ್ರಿಟನ್ನಿನ ಕ್ಯಾರೊಲಿನ್ ಫಾಲ್ ಇದರ ಹಿಂದಿನ ಮುಖ್ಯ ಸಂಶೋಧಕರು.

ಆ ಮಕ್ಕಳು ಹದಿಮೂರು ಹದಿನಾಲ್ಕರ ವಯಸ್ಸಿಗೆ ಬಂದಾಗ ಕೆಲವರಿಗೆ ಒಂದು ಪರೀಕ್ಷೆ ಕೊಟ್ಟರು. ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದಲ್ಲಿ 1993ರಲ್ಲಿ ರೂಪುಗೊಂಡ ವಿಧಾನದ ಮಕ್ಕಳ ಆವೃತ್ತಿ ಅದು. ಮಗುವಿಗೆ ಕತೆಯೊಂದರ ಆರಂಭ ಹೇಳುತ್ತಾರೆ. ಅಪರಿಚಿತ ತೀರ್ಪುಗಾರರ ಮುಂದೆ ನಿಂತು ಅದನ್ನು ಮುಂದುವರಿಸಿ ಮುಗಿಸಬೇಕು. ಆಮೇಲೆ ಬಾಯಲ್ಲೇ ಕಳೆಯುವ ಲೆಕ್ಕ. ನಡುನಡುವೆ ಎಂಜಲಿನ ಮಾದರಿ ತೆಗೆದು ಕಾರ್ಟಿಸಾಲ್ ಅಳೆಯುತ್ತಾರೆ, ನಾಡಿ ಮತ್ತು ರಕ್ತದೊತ್ತಡ ನೋಡುತ್ತಾರೆ. ಬಸಿರಿನಲ್ಲಿ ತಾಯಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿದ್ದರೆ ಅಂಥ ಮಕ್ಕಳ ಹೃದಯ ಮತ್ತು ರಕ್ತನಾಳಗಳು ಈ ಒತ್ತಡಕ್ಕೆ ಇತರರಿಗಿಂತ ಹೆಚ್ಚು ಜೋರಾಗಿ ಸ್ಪಂದಿಸಿದವು ಎಂದು 2015ರಲ್ಲಿ ಪ್ರಕಟವಾಯಿತು.

ಈ ಫಲಿತಾಂಶ ನನಗೆ ಬಹಳ ಮುಖ್ಯವೆನಿಸುತ್ತದೆ. ಒಂದೇ ಕೋಣೆ, ಒಂದೇ ಲೆಕ್ಕ, ಒಂದೇ ಬಗೆಯ ತೀರ್ಪುಗಾರರು, ಆದರೂ ಎರಡು ಮಕ್ಕಳ ಮೈ ಎರಡು ರೀತಿ ನಡೆದುಕೊಂಡಿತು, ಅದರ ಬೇರು ಹುಟ್ಟುವ ಮುಂಚಿನದು. ‘ಅವನ ಅಣ್ಣ ಹೆಂಗೆ ಗಟ್ಟಿಯಾಗವ್ನೆ, ಇವನಿಗೇನು ಬಂದಿದೆ ರೋಗ’ ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ಎದೆಗಾರಿಕೆಯನ್ನು ಮಗು ತಾನೇ ಆರಿಸಿಕೊಂಡು ಬಂದಿಲ್ಲ.

ಇನ್ನು ಬೈಕಿನ ಸ್ಟ್ಯಾಂಡಿನ ಸದ್ದಿನಿಂದಲೇ ಹುಡುಗನಿಗೆ ಎಲ್ಲ ಗೊತ್ತಾದದ್ದು ಹೇಗೆ? ಅಮೆರಿಕದ ಸೆತ್ ಪೊಲಾಕ್ ಮತ್ತು ಪವನ್ ಸಿನ್ಹಾ 2002ರಲ್ಲಿ ಮಕ್ಕಳಿಗೆ ಮಸುಕಾದ ಮುಖಗಳನ್ನು ತೋರಿಸಿ, ಹಂತ ಹಂತವಾಗಿ ಸ್ಪಷ್ಟ ಮಾಡುತ್ತಾ ಹೋದರು. ಮನೆಯಲ್ಲಿ ಹೊಡೆತ ತಿಂದ ಮಕ್ಕಳು ಸಿಟ್ಟಿನ ಮುಖವನ್ನು ಬೇರೆ ಮಕ್ಕಳಿಗಿಂತ ಬೇಗ, ಇನ್ನೂ ಮಸುಕಾಗಿದ್ದಾಗಲೇ ಗುರುತಿಸಿದರು. ಆ ಮಕ್ಕಳಿಗೆ ಅದು ಬದುಕಲು ಬೇಕಾದ ವಿದ್ಯೆ. ಆದರೆ ಅಪ್ಪನ ಹುಬ್ಬನ್ನು ಓದುವುದರಲ್ಲೇ ಗಮನವೆಲ್ಲ ಮುಗಿದರೆ ಲೆಕ್ಕದ ಪುಸ್ತಕಕ್ಕೆ ಉಳಿಯುವುದು ಕಡಿಮೆ.

ಈಗ ದಾರಿಯ ನಡುಭಾಗಕ್ಕೆ ಬರೋಣ. ದರ ಬಿದ್ದದ್ದು ಮಗುವಿಗೆ ನೇರವಾಗಿ ತಟ್ಟುತ್ತದೆಯೇ? ಇದಕ್ಕೆ ಅತ್ಯುತ್ತಮ ಉತ್ತರ ಸಿಕ್ಕಿದ್ದು ಇನ್ನೊಂದು ರೈತನಾಡಿನಲ್ಲಿ, ಅಮೆರಿಕದ ಅಯೊವಾ ರಾಜ್ಯದಲ್ಲಿ. ಮುಸುಕಿನ ಜೋಳ ಬೆಳೆದು ಹಂದಿ ಸಾಕುವ ಆ ಸೀಮೆಯಲ್ಲಿ 1980ರ ದಶಕದಲ್ಲಿ ಭೂಮಿಯ ಬೆಲೆ ಕುಸಿಯಿತು, ಸಾಲದ ಬಡ್ಡಿ ಏರಿತು, ತಲೆಮಾರುಗಳಿಂದ ಇದ್ದ ಜಮೀನುಗಳು ಕೈತಪ್ಪಿದವು. 1989ರಲ್ಲಿ ರ‍್ಯಾಂಡ್ ಕಾಂಗರ್, ಗ್ಲೆನ್ ಎಲ್ಡರ್ ಮತ್ತು ಸಂಗಡಿಗರು ಅಲ್ಲಿನ 451 ಕುಟುಂಬಗಳನ್ನು ಆರಿಸಿಕೊಂಡರು. ಪ್ರತಿ ಮನೆಯಲ್ಲೂ ಏಳನೇ ತರಗತಿಯ ಒಂದು ಮಗು. ಸಂಶೋಧಕರು ಮನೆಗೇ ಹೋಗಿ, ಅಪ್ಪ ಅಮ್ಮ ಮಕ್ಕಳು ಕೂತು ಮಾತಾಡುವುದನ್ನು ವಿಡಿಯೊ ಮಾಡಿಕೊಂಡರು. ಎಷ್ಟು ಸಾಲ, ಯಾವ ಬಿಲ್ಲು ಬಾಕಿ, ಏನನ್ನು ಕೊಳ್ಳುವುದು ನಿಲ್ಲಿಸಿದ್ದಾರೆ ಎಂದೂ ಕೇಳಿದರು. ವರ್ಷಗಟ್ಟಲೆ ಆ ಕುಟುಂಬಗಳನ್ನು ಹಿಂಬಾಲಿಸಿದರು.

ಕಂಡದ್ದು ಒಂದು ಸರಪಳಿ. ಆದಾಯ ಕಡಿಮೆಯಾದದ್ದು ದಿನನಿತ್ಯದ ಹಣದ ಬಿಗಿಯಾಗಿ ಅನುಭವಕ್ಕೆ ಬರುತ್ತದೆ. ಆ ಬಿಗಿ ಅಪ್ಪ ಅಮ್ಮನ ಮನಸ್ಸನ್ನು ಕುಗ್ಗಿಸುತ್ತದೆ. ಕುಗ್ಗಿದ ಮನಸ್ಸು ಗಂಡ ಹೆಂಡಿರ ನಡುವೆ ಜಗಳವಾಗುತ್ತದೆ. ಜಗಳ ಮಕ್ಕಳ ಮೇಲೆ ರೇಗಾಟವಾಗಿ ಇಳಿಯುತ್ತದೆ, ಇಲ್ಲವೇ ಮಕ್ಕಳು ಇದ್ದಾರೆಂಬುದೇ ಮರೆತಂಥ ಮೌನವಾಗಿ. ಮಗು ಮಂಕಾಗುವುದು, ಸಿಡುಕುವುದು, ಸ್ಕೂಲಿನಲ್ಲಿ ಹಿಂದೆ ಬೀಳುವುದು ಇದರ ಕೊನೆಯ ಕೊಂಡಿ. ಹಣದ ಕಷ್ಟ ಅಷ್ಟೇ ಇದ್ದರೂ, ಮಕ್ಕಳೊಂದಿಗೆ ಅಕ್ಕರೆಯ ಮಾತು ಉಳಿದಿದ್ದ ಮನೆಗಳಲ್ಲಿ ಸರಪಳಿ ಅಲ್ಲಿಗೇ ತುಂಡಾಗಿತ್ತು.

ಅಯೊವಾದ ಮುಸುಕಿನ ಜೋಳದ ಹೊಲಕ್ಕೂ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಕ್ಕೂ ಎಷ್ಟೋ ವ್ಯತ್ಯಾಸವಿದೆ. ಆದರೆ ಸಾಲದ ಮೇಲೆ ನಿಂತ ಬೇಸಾಯ, ಬೆಲೆ ಮೇಲೆ ಬೆಳೆದವನಿಗೆ ಯಾವ ಹಿಡಿತವೂ ಇಲ್ಲದಿರುವುದು, ಇವು ಎರಡೂ ಕಡೆ ಒಂದೇ. 2015ರಲ್ಲಿ ಹುಣಸೂರು, ಪಿರಿಯಾಪಟ್ಟಣದ ತಂಬಾಕು ರೈತರ ಆತ್ಮಹತ್ಯೆಗಳ ಸುದ್ದಿ ರಾಜ್ಯವನ್ನೆಲ್ಲ ಕಲಕಿದ್ದು ನೆನಪಿರಬಹುದು. ಸಾಲದ ಲೆಕ್ಕ ಬಂತು, ಪರಿಹಾರದ ಲೆಕ್ಕ ಬಂತು. ಆ ಮನೆಗಳ ಮಕ್ಕಳ ಬಗ್ಗೆ ನಾವು ಕೇಳಿದ್ದು ತೀರ ಕಡಿಮೆ.

ಹಣವೇ ಮುಖ್ಯವಲ್ಲ, ಪ್ರೀತಿ ಸಾಕು ಎಂದು ಹೇಳಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಅಮೆರಿಕದ ನಾರ್ತ್ ಕ್ಯಾರೊಲೈನಾದ ಬೆಟ್ಟಸೀಮೆಯಲ್ಲಿ ಜೇನ್ ಕಾಸ್ಟೆಲೊ ಅವರ ತಂಡ 1993ರಿಂದ 1,420 ಮಕ್ಕಳ ಮನಸ್ಸಿನ ಆರೋಗ್ಯವನ್ನು ಗಮನಿಸುತ್ತಿತ್ತು. ಅಧ್ಯಯನದ ನಡುವೆಯೇ ಅಲ್ಲಿನ ಚೆರೋಕಿ ಮೂಲನಿವಾಸಿಗಳ ನೆಲದಲ್ಲಿ ಕ್ಯಾಸಿನೊ ತೆರೆದು, ಲಾಭದ ಪಾಲು ಪ್ರತಿ ಚೆರೋಕಿ ಕುಟುಂಬಕ್ಕೂ ಬರತೊಡಗಿತು. ಬಡತನದಿಂದ ಮೇಲೆದ್ದ ಮನೆಗಳ ಮಕ್ಕಳಲ್ಲಿ ಹೊಡೆದಾಟ, ಹಟ, ಕದಿಯುವಿಕೆಯಂಥ ನಡವಳಿಕೆಯ ತೊಂದರೆಗಳು ಇಳಿದು, ಎಂದೂ ಬಡವರಾಗಿರದ ಮಕ್ಕಳ ಮಟ್ಟಕ್ಕೆ ಬಂದವು. ಆತಂಕ, ಖಿನ್ನತೆ ಮಾತ್ರ ಹಾಗೆ ಇಳಿಯಲಿಲ್ಲ. ನಡವಳಿಕೆಯ ತೊಂದರೆಗಳು ಏಕೆ ಇಳಿದವು ಎಂದು ಹುಡುಕಿದಾಗ ಸಿಕ್ಕಿದ್ದು ಸರಳವಾದ ಕಾರಣ: ಅಪ್ಪ ಅಮ್ಮನಿಗೆ ಮಕ್ಕಳ ಕಡೆ ನಿಗಾ ಕೊಡಲು ಬಿಡುವು ಸಿಕ್ಕಿತ್ತು. ಆದ್ದರಿಂದ ಬೆಳೆಗೆ ನ್ಯಾಯವಾದ ಬೆಲೆ ಕೇಳುವುದೂ ಮಕ್ಕಳ ಮಾನಸಿಕ ಆರೋಗ್ಯದ ಕೆಲಸವೇ. ಈ ಮಾತನ್ನು ನಾನು ಪೂರ್ತಿ ನಂಬಿ ಬರೆಯುತ್ತಿದ್ದೇನೆ.

ಬ್ಯಾರನ್ನಿನ ಕಾಲವನ್ನೂ ಸ್ವಲ್ಪ ನೋಡಬೇಕು. ಸೊಪ್ಪು ಮುರಿಯುವುದು, ಹದ ಮಾಡುವುದು ಜುಲೈನಿಂದ ಅಕ್ಟೋಬರ್‌ವರೆಗೆ ಬಿರುಸಾಗಿರುತ್ತದೆ. ಅದು ಶಾಲೆಯ ಮೊದಲ ಅರ್ಧವರ್ಷ. ಒಂದು ಸಲ ತುಂಬಿದ ಬ್ಯಾರನ್ನಿಗೆ ದಿನಗಟ್ಟಲೆ ಹಗಲು ರಾತ್ರಿ ಬೆಂಕಿ ಕಾಯಬೇಕು, ಶಾಖ ಏರುವುದನ್ನು ನೋಡುತ್ತಿರಬೇಕು. ಮನೆಯವರ ಜೊತೆ ಮಕ್ಕಳ ನಿದ್ದೆಯೂ ಹರಿದುಹೋಗುತ್ತದೆ. ಹರೆಯಕ್ಕೆ ಬಂದ ಮಕ್ಕಳಲ್ಲಿ ನಿದ್ದೆ ತರುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ, ಬೆಳಗ್ಗೆ ಅವರನ್ನು ಎಬ್ಬಿಸುವುದು ಕಷ್ಟವಾಗುವುದು ಅದಕ್ಕೇ. ಅದರ ಮೇಲೆ ಬ್ಯಾರನ್ ಕಾಯುವುದೂ ಸೇರಿದರೆ, ನಿದ್ದೆಗೆಟ್ಟ ಮಿದುಳಿನಲ್ಲಿ ಅಮಿಗ್ಡಲಾ ಸಣ್ಣದಕ್ಕೂ ಕೆರಳುತ್ತದೆ.

ಇಲ್ಲೊಂದು ಎಚ್ಚರಿಕೆ. ಈ ತಿಂಗಳುಗಳಲ್ಲಿ ಮಗು ವಾಂತಿ, ತಲೆಸುತ್ತು, ತಲೆನೋವು ಎಂದರೆ ಅದು ಮನಸ್ಸಿನದೇ ಎಂದು ತೀರ್ಮಾನಿಸಬೇಡಿ. ಇಬ್ಬನಿ ಅಥವಾ ಮಳೆಯಲ್ಲಿ ನೆಂದ ಹಸಿ ಸೊಪ್ಪನ್ನು ಮುಟ್ಟಿದರೆ ನಿಕೋಟಿನ್ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ಚಿಕ್ಕ ಮೈಗೆ ಅದು ದೊಡ್ಡ ಪ್ರಮಾಣ. ಇದಕ್ಕೆ ‘ಹಸಿ ತಂಬಾಕಿನ ಕಾಯಿಲೆ’ ಎನ್ನಬಹುದು. ಮಕ್ಕಳನ್ನು ಈ ಸೊಪ್ಪಿನ ಕೆಲಸದಿಂದ ದೂರ ಇಡುವುದೊಂದೇ ಅದಕ್ಕೆ ಮದ್ದು.

ಹದಿನಾಲ್ಕು ಎಂಬ ವಯಸ್ಸಿಗೆ ಮತ್ತೆ ಬರುತ್ತೇನೆ. ಜೀವಮಾನದಲ್ಲಿ ಕಾಣಿಸಿಕೊಳ್ಳುವ ಮನೋವ್ಯಾಧಿಗಳಲ್ಲಿ ಅರ್ಧದಷ್ಟು ಹದಿನಾಲ್ಕರೊಳಗೆ, ಮುಕ್ಕಾಲು ಪಾಲು ಇಪ್ಪತ್ತನಾಲ್ಕರೊಳಗೆ ಮೊಳೆತಿರುತ್ತವೆ ಎಂದು ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರ ಅಮೆರಿಕದ ಸಮೀಕ್ಷೆ 2005ರಲ್ಲಿ ಹೇಳಿತು. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದವರಲ್ಲಿ ಶೇ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇತ್ತು. ಮಹಾನಗರಗಳಲ್ಲಿ ಶೇ 13.5, ಹಳ್ಳಿಗಳಲ್ಲಿ ಶೇ 6.9. ನಲವತ್ತು ಮಕ್ಕಳ ತರಗತಿಯಲ್ಲಿ ಸುಮಾರು ಮೂವರು ಎಂದಾಯಿತು. ಕರ್ನಾಟಕ ಆ ಹನ್ನೆರಡರಲ್ಲಿ ಇರಲಿಲ್ಲ. ಇಲ್ಲಿ ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕ ಸಮೀಕ್ಷೆಯಷ್ಟೇ ನಡೆದಿತ್ತು.

ಆ ವಯಸ್ಸೇ ಏಕೆ? ಭಾವನೆಯ ಕಡೆಯ ಮಿದುಳು ಹರೆಯದಲ್ಲಿ ಚುರುಕಾಗುತ್ತದೆ. ಅದಕ್ಕೆ ಮೂಗುದಾರ ಹಾಕಬೇಕಾದ ಹಣೆಯ ಹಿಂದಿನ ಭಾಗ ಪೂರ್ತಿ ಮಾಗುವುದು ಇಪ್ಪತ್ತೈದರ ಆಸುಪಾಸಿಗೆ. ಜೊತೆಗೆ ಇನ್ನೊಂದು ಸಂಗತಿಯನ್ನು ಅಮೆರಿಕದ ಕ್ಯಾಮೆಲಿಯಾ ಹಾಸ್ಟಿನಾರ್ ಮತ್ತು ಮೇಗನ್ ಗುನ್ನಾರ್ ತಂಡ 2015ರಲ್ಲಿ ತೋರಿಸಿತು. ಒತ್ತಡದ ಪರೀಕ್ಷೆಗೆ ಮುಂಚೆ ಅಪ್ಪನೋ ಅಮ್ಮನೋ ಜೊತೆಗೆ ಕೂತು ಧೈರ್ಯ ಹೇಳಿದರೆ ಒಂಬತ್ತು ಹತ್ತು ವರ್ಷದ ಮಕ್ಕಳ ಕಾರ್ಟಿಸಾಲ್ ಏರುವುದಿಲ್ಲ. ಹದಿನೈದು ಹದಿನಾರರ ಮಕ್ಕಳಲ್ಲಿ ಅದೇ ಧೈರ್ಯದ ಮಾತು ಹಾಗೆ ಕೆಲಸ ಮಾಡಲಿಲ್ಲ. ‘ಚಿಕ್ಕವನಿದ್ದಾಗ ಮಡಿಲಿಗೆ ಬಂದು ಬಿದ್ಕೊತಿದ್ದ, ಈಗ ಹತ್ರಾನೇ ಸೇರಲ್ಲ’ ಎಂದು ನೊಂದುಕೊಳ್ಳುವ ತಾಯಂದಿರು ಇದನ್ನು ತಿಳಿದಿರಬೇಕು. ಅವನು ನಿಮ್ಮನ್ನು ಬಿಟ್ಟುಹೋಗಿಲ್ಲ. ಅವನ ಮೈ ಬೇರೆ ಆಸರೆಗಳನ್ನೂ ಹುಡುಕುವ ಕಾಲಕ್ಕೆ ಬಂದಿದೆ. ಆಗ ಸೋದರಮಾವ, ದೊಡ್ಡಮ್ಮನ ಮಗ, ಆಟದ ಮೇಷ್ಟ್ರು, ಜೊತೆಗೆ ಸೈಕಲ್ಲಿನಲ್ಲಿ ಸ್ಕೂಲಿಗೆ ಬರುವ ಗೆಳೆಯ ಇಂಥವರ ಬೆಲೆ ಏರುತ್ತದೆ.

ಎಚ್.ಡಿ. ಕೋಟೆ, ಹುಣಸೂರಿನ ಬುಡಕಟ್ಟು ಹಾಡಿಗಳ ಮಕ್ಕಳಿಗೆ ಆ ಆಸರೆಯೇ ದೂರ. ನಾಗರಹೊಳೆ ಕಾಡಿನಿಂದ ಹೊರಬಂದು ನಾಗಾಪುರದಂಥ ಪುನರ್ವಸತಿ ಕೇಂದ್ರಗಳಲ್ಲಿ ನೆಲೆಸಿದ ಜೇನುಕುರುಬ ಕುಟುಂಬಗಳಲ್ಲಿ ದೊಡ್ಡವರು ಕೊಡಗಿನ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಮಕ್ಕಳು ಆಶ್ರಮ ಶಾಲೆಯಲ್ಲಿ ಉಳಿಯುತ್ತಾರೆ, ಇಲ್ಲವೇ ಓಡಿಬರುತ್ತಾರೆ. ಓಡಿಬರುವ ಮಗುವನ್ನು ಶಿಸ್ತಿಲ್ಲದ್ದು ಎನ್ನುವವರಿಗೆ ಲೆಸ್ಲಿ ಸೆಲ್ಟ್ಜರ್ ಮತ್ತು ಪೊಲಾಕ್ 2010ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಹೇಳಬೇಕು. ಏಳರಿಂದ ಹನ್ನೆರಡು ವರ್ಷದ 61 ಹುಡುಗಿಯರಿಗೆ ಮೊದಲು ಅದೇ ಟ್ರಿಯರ್ ಪರೀಕ್ಷೆ ಕೊಟ್ಟರು. ಆಮೇಲೆ ಕೆಲವರಿಗೆ ತಾಯಿ ಬಂದು ಅಪ್ಪಿಕೊಂಡಳು, ಕೆಲವರು ತಾಯಿಯ ಜೊತೆ ಫೋನಿನಲ್ಲಿ ಮಾತಾಡಿದರು, ಉಳಿದವರು ಸಿನಿಮಾ ನೋಡಿದರು. ಫೋನಿನ ದನಿಯೂ ಅಪ್ಪುಗೆಯಷ್ಟೇ ಚೆನ್ನಾಗಿ ಕಾರ್ಟಿಸಾಲನ್ನು ಇಳಿಸಿತು, ಆಕ್ಸಿಟೋಸಿನ್ ಏರಿಸಿತು. ಮುಂದೆ ಮಾಡಿದ ಇನ್ನೊಂದು ಪ್ರಯೋಗದಲ್ಲಿ ಬರೆದು ಕಳಿಸಿದ ಮೆಸೇಜಿಗೆ ಆ ಗುಣ ಕಾಣಲಿಲ್ಲ. ಹಾಸ್ಟೆಲಿನ ಮಗುವಿಗೆ ವಾರಕ್ಕೆ ಎರಡು ಸಲವಾದರೂ ಅವ್ವನ ದನಿ, ಅವ್ವನ ಮಾತಿನಲ್ಲೇ, ಕಿವಿಗೆ ಬೀಳಬೇಕು. ಇದಕ್ಕೆ ಒಂದು ಫೋನು ಮತ್ತು ವಾರ್ಡನ್ನರ ಮನಸ್ಸು ಸಾಕು.

ಹರಾಜಿನ ಸಂಜೆಗೆ ವಾಪಸು ಹೋಗೋಣ. ಅಪ್ಪ ಜಗುಲಿಯಲ್ಲಿ ಹುಡುಗನ ಪಕ್ಕ ಕೂತು, ‘ಇವತ್ತು ರೇಟು ಸಿಗಲಿಲ್ಲ ಕಣ್ಮಗ. ನಂಗೆ ಬೇಜಾರಾಗದೆ. ನಿಂದೇನು ತಪ್ಪಿಲ್ಲ. ನಿನ್ನ ಫೀಜು ನಾನು ನೋಡ್ಕತೀನಿ, ನೀನು ಓದ್ಕೊ’ ಎಂದರೆ ಎಷ್ಟು ಹೊತ್ತಾಗುತ್ತದೆ? ಆ ಮಾತಿನಿಂದ ದರ ಏರುವುದಿಲ್ಲ. ಆದರೆ ಹುಡುಗನ ಅಮಿಗ್ಡಲಾ ಕತ್ತಲಲ್ಲಿ ತಡಕಾಡುತ್ತಿದ್ದ ಅಪಾಯಕ್ಕೆ ಹೆಸರು ಸಿಗುತ್ತದೆ, ಗಾತ್ರ ಸಿಗುತ್ತದೆ. ಮಕ್ಕಳಿಗೆ ಕಷ್ಟ ಗೊತ್ತಾಗಬಾರದು ಎಂದು ಮುಚ್ಚಿಡುವ ತಂದೆತಾಯಿಗಳ ಒಳ್ಳೆಯತನವನ್ನು ನಾನು ಗೌರವಿಸುತ್ತೇನೆ. ಆದರೆ ಮುಚ್ಚಿಟ್ಟದ್ದನ್ನು ಮಗು ಸ್ಟ್ಯಾಂಡಿನ ಸದ್ದಿನಲ್ಲಿ ಓದಿಕೊಂಡುಬಿಟ್ಟಿರುತ್ತದೆ, ಅದೂ ತನ್ನಿಂದಲೇ ಹೀಗಾಯಿತು ಎಂಬಂತೆ.

ಎರಡು ಮೂರು ವಾರವಾದರೂ ಮಗು ಊಟ ಬಿಟ್ಟು, ಗೆಳೆಯರನ್ನು ಬಿಟ್ಟು, ಆಟ ಬಿಟ್ಟು ಕೂತರೆ ಮನೆಯ ಮಾತಿಗೆ ಮೀರಿದ ನೆರವು ಬೇಕು. ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದರೆ ಕಟ್ಟಿಸಿ, ಡಾಕ್ಟರ ಬಳಿಗೂ ಕರೆದುಕೊಂಡು ಹೋಗಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಟಿದೆ, ಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ. ಮಗು ‘ಬದುಕೋದೇ ಬೇಡ’ ಎಂಬಂಥ ಮಾತಾಡಿದರೆ ನೇರವಾಗಿ, ಮೆಲ್ಲಗೆ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಇದ್ದ ಯೋಚನೆಗೆ ಬಾಯಿ ಬರುತ್ತದೆ. ಹೊಲಕ್ಕೆ ಹೊಡೆಯುವ ಔಷಧದ ಡಬ್ಬಿಗಳನ್ನು ಬೀಗದೊಳಗಿಡಿ. ಶ್ರೀಲಂಕಾ ಅತಿ ವಿಷದ ಕೀಟನಾಶಕಗಳ ಮೇಲೆ ನಿಷೇಧ ಹೇರಿದ ಮೇಲೆ, 1995ರಿಂದ 2005ರೊಳಗೆ ಆ ದೇಶದ ಆತ್ಮಹತ್ಯೆಯ ಪ್ರಮಾಣ ಅರ್ಧಕ್ಕೆ ಇಳಿಯಿತು. ಆ ಕೆಟ್ಟ ಗಳಿಗೆ ಬಹುಮಟ್ಟಿಗೆ ಸಣ್ಣದು, ಅದು ದಾಟುವವರೆಗೆ ಕೈಗೆ ವಿಷ ಸಿಗದಿದ್ದರೆ ಜೀವ ಉಳಿಯುತ್ತದೆ.

ಕಂಪಲಾಪುರದ ಮಾರುಕಟ್ಟೆ ನಡೆಸುವವರಿಗೆ, ರೈತಸಂಘದ ಗೆಳೆಯರಿಗೆ, ಸುತ್ತಲಿನ ಹೈಸ್ಕೂಲುಗಳ ಮೇಷ್ಟ್ರುಗಳಿಗೆ ನನ್ನದೊಂದು ಬೇಡಿಕೆ. ಹರಾಜು ಶುರುವಾಗುವ ದಿನ ಎಲ್ಲರಿಗೂ ಮುಂಚೆಯೇ ಗೊತ್ತಿರುತ್ತದೆ. ಆ ವಾರ ತರಗತಿಯಲ್ಲಿ ಮಂಕಾಗಿ ಕೂತವನನ್ನು ಪಕ್ಕಕ್ಕೆ ಕರೆದು, ಅವನ ಮಾತನ್ನು ಹತ್ತು ನಿಮಿಷ ಕೇಳಿ. ದರ ಕಾಣುವ ಪರದೆಯ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆಯನ್ನು ಬರೆಸಿ, ಅಪ್ಪಂದಿರಿಗೂ ಮಕ್ಕಳಿಗೂ ಅದೇ ಸಂಖ್ಯೆ. 2022ರ ಅಕ್ಟೋಬರ್ 10ರಿಂದ ನಡೆಯುತ್ತಿದೆ, ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ದುಡ್ಡಿಲ್ಲ: 14416.